ತಂಡದ ರೂಢಿ ತಿಳಿಯಿರಿ, ಆಮೇಲೆ ಬದಲಾವಣೆಗೆ ಕೈಹಾಕಿ

ಹೊಸದಾಗಿ ಕೆಲಸಕ್ಕೆ ಸೇರಿದವರಾಗಲಿ, ಈಗಷ್ಟೇ ಟೀಂ ಲೀಡ್ ಆದವರಾಗಲಿ, ಒಂದು ಸಲಹೆ ಕೊಟ್ಟೊಡನೆ ಕೇಳಬೇಕಾಗುವ ಮಾತು ಇದು: ‘ನಮ್ಮಲ್ಲಿ ಮೊದಲಿಂದಲೂ ಹೀಗೇ ನಡ್ಕೊಂಡು ಬಂದಿದೆ’. ಹೀಗೆನ್ನುವವರೆಲ್ಲ ಮೊಂಡರಲ್ಲ. ಆ ರೂಢಿಗೆ ಅವರದೇ ಕಾರಣವಿರುತ್ತದೆ. ಅದನ್ನು ಅರಿತು ಹೆಜ್ಜೆ ಇಡುವ ಕ್ರಮ ಇಲ್ಲಿದೆ.

1. ಹೇಳುವುದನ್ನಲ್ಲ, ನಡೆಯುವುದನ್ನು ನೋಡಿ

ಎಂಐಟಿ ಪ್ರಾಧ್ಯಾಪಕರಾಗಿದ್ದ ಎಡ್ಗರ್ ಶೈನ್ ಸಂಸ್ಥೆಯ ಸಂಸ್ಕೃತಿಯಲ್ಲಿ ಮೂರು ಪದರ ಗುರುತಿಸಿದ್ದರು: ಕಣ್ಣಿಗೆ ಕಾಣುವ ನಡವಳಿಕೆ, ಬಾಯಲ್ಲಿ ಹೇಳುವ ಮೌಲ್ಯ, ಯಾರೂ ಹೇಳದೆ ಎಲ್ಲರೂ ಪಾಲಿಸುವ ನಂಬಿಕೆ. ಗೋಡೆಯ ಮೇಲೆ ‘ಮುಕ್ತ ಚರ್ಚೆಗೆ ಸ್ವಾಗತ’ ಎಂದಿದ್ದು, ಮೀಟಿಂಗಿನಲ್ಲಿ ಮ್ಯಾನೇಜರ್ ಒಬ್ಬರೇ ಮಾತಾಡಿದರೆ ಯಾವುದು ನಿಜವೆಂದು ಗೊತ್ತಾಗುತ್ತದೆ. ಮೊದಲ ಕೆಲವು ವಾರ ಇದನ್ನಷ್ಟೇ ಗಮನಿಸಿ.

2. ಕೆಟ್ಟ ಸುದ್ದಿಯ ದಾರಿ ಹಿಡಿಯಿರಿ

ತಪ್ಪಾದಾಗ ಏನಾಗುತ್ತದೆ? ಸಮಾಜಶಾಸ್ತ್ರಜ್ಞ ರಾನ್ ವೆಸ್ಟ್ರಮ್ ಇದರ ಆಧಾರದಲ್ಲೇ ಸಂಸ್ಥೆಗಳನ್ನು ಮೂರಾಗಿ ವಿಂಗಡಿಸಿದರು. ಸುದ್ದಿ ತಂದವರನ್ನೇ ಶಿಕ್ಷಿಸುವುದು ಒಂದು ಬಗೆ. ‘ಅದು ನಮ್ಮ ವಿಭಾಗದ್ದಲ್ಲ’ ಎಂದು ಸಾಗಹಾಕುವುದು ಇನ್ನೊಂದು. ಕಾರಣ ಹುಡುಕಿ ಸರಿಪಡಿಸುವುದು ಮೂರನೆಯದು. ನಿಮ್ಮ ತಂಡ ಯಾವುದು? ಮೊದಲ ಬಗೆಯದಾದರೆ ಎಲ್ಲರೆದುರು ಪ್ರಸ್ತಾಪ ಮಾಡಬೇಡಿ. ಮುಖ್ಯಸ್ಥರ ಜತೆ ಪ್ರತ್ಯೇಕವಾಗಿ ಮಾತಾಡಿ.

3. ರೂಢಿಯ ಹಿನ್ನೆಲೆ ಕೇಳಿ

‘ಇದನ್ನು ಯಾಕೆ ಹೀಗೆ ಮಾಡ್ತೀರಿ?’ ಎಂದರೆ ಆಕ್ಷೇಪದಂತೆ ಕೇಳಿಸುತ್ತದೆ. ‘ಇದು ಯಾವಾಗ ಶುರುವಾಯ್ತು ಸರ್?’ ಎಂದು ಹಿರಿಯರನ್ನು ಕೇಳಿ. ಒಂದು ಕಡತಕ್ಕೆ ಮೂವರ ಸಹಿ ಬೇಕೆಂದರೆ ಅದರ ಹಿಂದೆ ಹಳೆಯ ಆಡಿಟ್ ಆಕ್ಷೇಪಣೆ ಇರಬಹುದು.

4. ಯಾರ ಮಾತು ನಡೆಯುತ್ತದೆ ತಿಳಿಯಿರಿ

ಹುದ್ದೆ ಸಣ್ಣದಾದರೂ ಎಲ್ಲರೂ ಸಲಹೆ ಕೇಳುವ ಒಬ್ಬರು ಪ್ರತಿ ಕಚೇರಿಯಲ್ಲೂ ಇರುತ್ತಾರೆ. ನಿಮ್ಮ ಯೋಚನೆಯನ್ನು ಮೀಟಿಂಗಿಗೆ ಮೊದಲೇ ಅವರ ಮುಂದಿಡಿ. ಅವರು ಎತ್ತುವ ತಕರಾರೇ ನಿಮ್ಮ ಪ್ರಸ್ತಾಪವನ್ನು ಗಟ್ಟಿ ಮಾಡುತ್ತದೆ.

5. ಉಪದೇಶ ಬೇಡ, ಒಂದು ಪದ್ಧತಿ ಬದಲಿಸಿ

ಜನರಲ್ ಮೋಟರ್ಸ್ ಕಂಪನಿಯ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆ ಗೈರುಹಾಜರಿ, ಜಗಳಗಳಿಗೆ ಹೆಸರಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಜತೆಗೂಡಿ ಅದನ್ನು ಮತ್ತೆ ತೆರೆದಾಗ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಹಳೆಯ ಕಾರ್ಮಿಕರೇ. ಮೊದಲು ಏನೇ ಆದರೂ ಉತ್ಪಾದನಾ ಲೈನ್ ನಿಲ್ಲಿಸುವಂತಿರಲಿಲ್ಲ. ಈಗ ದೋಷ ಕಂಡವರು ಲೈನ್ ನಿಲ್ಲಿಸುವ ಹಗ್ಗ ಎಳೆಯಬಹುದಿತ್ತು. ಎಳೆದರೆ ತಂಡದ ನಾಯಕ ಬೈಯಲು ಅಲ್ಲ, ನೆರವಿಗೆ ಬರುತ್ತಿದ್ದ. ಗುಣಮಟ್ಟ ಏರಿತು, ಗೈರುಹಾಜರಿ ಇಳಿಯಿತು. ನೀವೂ ಒಂದರಿಂದಲೇ ಶುರುಮಾಡಿ: ವಾರದ ಮೀಟಿಂಗಿನಲ್ಲಿ ಮೊದಲ ಐದು ನಿಮಿಷ ‘ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ’ ಎಂಬುದಕ್ಕೆ ಮೀಸಲಿಡಿ. ಮಾತು ಕಿರಿಯರಿಂದ ಆರಂಭವಾಗಲಿ.

6. ಅವಧಿ ಹಾಕಿ, ಫಲ ತೋರಿಸಿ

‘ಒಂದು ತಿಂಗಳು ನೋಡೋಣ, ಆಗದಿದ್ದರೆ ಬಿಡೋಣ’ ಎಂದರೆ ವಿರೋಧ ತಗ್ಗುತ್ತದೆ. ಕೊನೆಗೆ ಉಳಿತಾಯವಾದ ಸಮಯ, ಕಡಿಮೆಯಾದ ದೂರುಗಳ ಲೆಕ್ಕ ಕೊಡಿ. ಹೆಸರು ತಂಡಕ್ಕಿರಲಿ.

ಇಡೀ ಕಂಪನಿಯನ್ನು ಒಬ್ಬರೇ ತಿದ್ದಲಾಗದು. ಆದರೆ ನಿಮ್ಮ ತಂಡದಲ್ಲಿ ಮುಂದಿನ ಬಾರಿ ಯಾರಾದರೂ ತಪ್ಪು ಒಪ್ಪಿಕೊಂಡಾಗ ನೀವು ಆಡುವ ಮೊದಲ ಮಾತು ನಿಮ್ಮ ಕೈಯಲ್ಲೇ ಇದೆ. ಬದಲಾವಣೆಯನ್ನು ಅಲ್ಲಿಂದ ಆರಂಭಿಸಿ.