ರಕ್ತನಾಳಕ್ಕೆ ಕೊಡುವ ಔಷಧಿ: ನಮ್ಮ ನರ್ಸಿಂಗ್ ವಿದ್ಯಾರ್ಥಿಗಳಿಗೆ ಒಂದು ಪಾಠ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಿಂದ ನಮ್ಮ ವಿದ್ಯಾರ್ಥಿವೇತನ ಪಡೆದು ನರ್ಸಿಂಗ್ ಓದಿದ ಮಕ್ಕಳಲ್ಲಿ ಕೆಲವರು ಈಗ ಕಲಬುರಗಿ, ಹೈದರಾಬಾದ್‌ಗಳ ಐಸಿಯುಗಳಲ್ಲಿ ಡ್ಯೂಟಿ ಮಾಡುತ್ತಿದ್ದಾರೆ. ನಮ್ಮ ಊರುಗಳಲ್ಲಿ ಸೀರಿಯಸ್ ಆದವರನ್ನು ಕರೆದೊಯ್ಯುವುದೂ ಅಲ್ಲಿಗೇ. ಆದ್ದರಿಂದ ಈ ವರ್ಷದ ವರದಿಯಲ್ಲಿ ಈ ಪಾಠ.

ರಕ್ತನಾಳಕ್ಕೆ ಹೋದ ಔಷಧಿಯನ್ನು ಮರಳಿ ತೆಗೆಯಲಾಗದು. ಔಷಧಿಯ ತಪ್ಪುಗಳಿಂದಾಗುವ ಹಾನಿ ತಗ್ಗಿಸಲು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಜಾಗತಿಕ ಅಭಿಯಾನವನ್ನೇ ಆರಂಭಿಸಿತು.

1. ಪೊಟ್ಯಾಸಿಯಂ ಕ್ಲೋರೈಡ್: 10 ಮಿ.ಲೀ. ಆಂಪೂಲ್‌ನಲ್ಲಿ ಸಾಮಾನ್ಯವಾಗಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ನೋಡಲು ನೀರಿನಂತೆ, ನೇರವಾಗಿ ತಳ್ಳಿದರೆ ಹೃದಯ ನಿಲ್ಲಬಹುದು. ಸಲೈನ್‌ನಲ್ಲಿ ಬೆರೆಸಿ, ಬಾಟಲಿಯನ್ನು ಹಲವು ಸಲ ಮಗುಚಿ, ನಿಧಾನವಾಗಿಯೇ ಕೊಡಬೇಕು. ಈ ಆಂಪೂಲ್‌ಗಳನ್ನು ಬೇರೆ ಔಷಧಿಗಳ ಜೊತೆ ಇಡಬಾರದು.

2. ಇನ್ಸುಲಿನ್: ನಮ್ಮಲ್ಲಿ 1 ಮಿ.ಲೀ.ಗೆ 40 ಯೂನಿಟ್ ಇರುವ ಬಾಟಲಿಯೂ ಉಂಟು, 100 ಯೂನಿಟ್‌ನದೂ ಉಂಟು. 50 ಯೂನಿಟ್ ಬೇಕಾದರೆ ಮೊದಲನೆಯದರಲ್ಲಿ 1.25 ಮಿ.ಲೀ., ಎರಡನೆಯದರಲ್ಲಿ 0.5 ಮಿ.ಲೀ. ಲೇಬಲ್ ಓದದೆ ಸೂಜಿ ಚುಚ್ಚಬೇಡಿ. ಬಾಟಲಿಗೆ ಹೊಂದುವ ಸಿರಿಂಜನ್ನೇ ಬಳಸಿ.

3. ನಾರ್‌ಅಡ್ರಿನಲಿನ್: 4 ಮಿ.ಗ್ರಾಂ. ಔಷಧಿಯನ್ನು ಒಟ್ಟು 50 ಮಿ.ಲೀ. ಮಾಡಿದರೆ 1 ಮಿ.ಲೀ.ಯಲ್ಲಿ 80 ಮೈಕ್ರೋಗ್ರಾಂ. ರೋಗಿ 60 ಕೆ.ಜಿ., ಡಾಕ್ಟರ್ ಬರೆದದ್ದು ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ. ಅಂದರೆ ನಿಮಿಷಕ್ಕೆ 6, ಗಂಟೆಗೆ 360 ಮೈಕ್ರೋಗ್ರಾಂ. 360ನ್ನು 80ರಿಂದ ಭಾಗಿಸಿದರೆ ಪಂಪ್‌ನ ವೇಗ ಗಂಟೆಗೆ 4.5 ಮಿ.ಲೀ.

ನಮ್ಮ ಒಬ್ಬ ವಿದ್ಯಾರ್ಥಿನಿ ರಾತ್ರಿ ಡ್ಯೂಟಿಯಲ್ಲಿ ಇದೇ ಲೆಕ್ಕವನ್ನು ಸರಿಯಾಗಿ ಮಾಡಿ, ಪಂಪ್‌ಗೆ ಮಾತ್ರ 45 ಎಂದು ಹಾಕಿದ್ದಳು. ಶುರು ಮಾಡುವ ಮುನ್ನ ಜೊತೆಯ ಸಿಸ್ಟರ್ ನೋಡಿ ತಡೆದರು. ಒಂದು ಚುಕ್ಕೆಯಿಂದ ಹತ್ತು ಪಟ್ಟು! ಆಕೆ ಅದನ್ನು ಮುಚ್ಚಿಡಲಿಲ್ಲ. "ಉಳಿದವರಿಗೂ ಹೇಳ್ರಿ" ಎಂದು ತಾನೇ ನಮಗೆ ತಿಳಿಸಿದಳು. ಅವಳ ಈ ಧೈರ್ಯ ನಮಗೆ ಹೆಮ್ಮೆ ತಂದಿದೆ.

4. ಬೆರಕೆ: ಸೆಫ್ಟ್ರಿಯಾಕ್ಸೋನನ್ನು ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್‌ನಲ್ಲಿ ಬೆರೆಸಬಾರದು. ಫೆನಿಟಾಯಿನ್‌ಗೆ ಡೆಕ್ಸ್‌ಟ್ರೋಸ್ ಬೇಡ, ನಾರ್ಮಲ್ ಸಲೈನ್ ಮಾತ್ರ. ಇಲ್ಲದಿದ್ದರೆ ನಳಿಕೆಯಲ್ಲೇ ಗಸಿ ಕಟ್ಟುತ್ತದೆ.

ಇಂಥ ಔಷಧಿಗಳಿಗೆ ಇಬ್ಬರ ತಪಾಸಣೆ ಬೇಕು. ಎರಡನೆಯವರು ನಿಮ್ಮ ಉತ್ತರ ನೋಡಿ ಹೂಂ ಎಂದರೆ ಅದು ತಪಾಸಣೆಯಲ್ಲ. ಅವರು ಬೇರೆಯಾಗಿ ಲೆಕ್ಕ ಮಾಡಬೇಕು. ತುಂಬಿದ ಸಿರಿಂಜ್‌ಗೆ ಔಷಧಿಯ ಹೆಸರು, ಪ್ರಮಾಣ, ವೇಳೆ ಬರೆದ ಚೀಟಿ ಅಂಟಿಸಿ. ಸಂಶಯ ಬಂದರೆ ಡಾಕ್ಟರನ್ನು ಕೇಳಿ, ಬೈಸಿಕೊಂಡರೂ ಪರವಾಗಿಲ್ಲ. ಬಾಗಿಲ ಹೊರಗೆ ಕುಳಿತ ತಾಯಿ ತನ್ನ ಮಗನನ್ನು ನಿಮ್ಮ ಕೈಗೆ ಅಮಾನತ್ತಾಗಿ ಕೊಟ್ಟಿದ್ದಾಳೆ.

ಸೂಚನೆ: ಈ ಸಲ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ನರ್ಸಿಂಗ್ ವಿದ್ಯಾರ್ಥಿಗಳು ಅಂಕಪಟ್ಟಿಯ ಜೊತೆ, 50 ಕೆ.ಜಿ. ರೋಗಿಗೆ ಮೇಲಿನ ಮೂರನೆಯ ಲೆಕ್ಕವನ್ನು ಬಿಡಿಸಿ ತರಬೇಕು. ಚುಕ್ಕೆ ಎದ್ದು ಕಾಣುವಂತೆ ಬರೆಯಿರಿ.