ಬಣ್ಣದ ಪೆನ್ಸಿಲುಗಳ ಆಯ್ಕೆಯೂ ಬಳಕೆಯೂ

ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಪುಸ್ತಕದಂಗಡಿಗಳ ಮುಂದೆ ಒಂದು ನೋಟವನ್ನು ಕಾಣುತ್ತೇವೆ. ಒಂದು ಕೈಯಲ್ಲಿ ಕೊಡೆಯನ್ನೂ ಇನ್ನೊಂದು ಕೈಯಲ್ಲಿ ಪುಸ್ತಕಗಳ ಪಟ್ಟಿಯನ್ನೂ ಹಿಡಿದ ತಂದೆ. ಪಕ್ಕದಲ್ಲಿ, ಗಾಜಿನ ಕಪಾಟಿನೊಳಗಿನ ಬಣ್ಣದ ಪೆನ್ಸಿಲುಗಳ ಪೆಟ್ಟಿಗೆಯ ಮೇಲೆಯೇ ಕಣ್ಣು ನೆಟ್ಟ ಮಗು. ೧೨ರ ಪೆಟ್ಟಿಗೆಯೋ, ೨೪ರದೋ, ೪೮ರದೋ ಎಂಬ ಚರ್ಚೆ ನಡೆದು, ಕಡೆಗೆ ಮಗುವಿನ ಹಟವೇ ಗೆದ್ದು ದೊಡ್ಡ ಪೆಟ್ಟಿಗೆ ಮನೆಗೆ ಬರುತ್ತದೆ. ಎಣಿಕೆಯನ್ನು ನೋಡಿ ಕೊಂಡ ಆ ಪೆಟ್ಟಿಗೆಯೊಳಗೆ ಇರುವುದೇನೆಂಬುದನ್ನು ಕೊಂಡವರೂ ಕೇಳುವುದಿಲ್ಲ, ಮಾರಿದವರೂ ಹೇಳುವುದಿಲ್ಲ. ನಾವೂ ಬಹುಕಾಲ ಕೇಳಿರಲಿಲ್ಲ. ಕೇಳಬೇಕೆಂಬ ಬುದ್ಧಿ ನಮಗೆ ಬಂದುದು ಒಂದು ಚಿತ್ರ ಕೆಟ್ಟ ಮೇಲೆ.

ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಬಾಲಕಿಯೊಬ್ಬಳು ಯಕ್ಷಗಾನದ ಸ್ತ್ರೀವೇಷವೊಂದನ್ನು ಬಣ್ಣದ ಪೆನ್ಸಿಲುಗಳಿಂದ ಬರೆದಿದ್ದಳು. ಗುಲಾಬಿ ಬಣ್ಣದ ಸೀರೆ, ಅದಕ್ಕೆ ನೇರಳೆಯ ಅಂಚು, ಹಳದಿಮಣ್ಣಿನ ಬಣ್ಣದ ಆಭರಣಗಳು; ಒಂದು ತಿಂಗಳು ಕುಳಿತು ಮುಗಿಸಿದ ಕೆಲಸ. ನಾವು ಅದಕ್ಕೆ ಚೌಕಟ್ಟು ಹಾಕಿಸಿ, ಎಲ್ಲರಿಗೂ ಚೆನ್ನಾಗಿ ಕಾಣಲೆಂದು ಕಿಟಕಿಗೆ ಎದುರಾದ ಗೋಡೆಯಲ್ಲಿ ತೂಗಹಾಕಿದೆವು. ಎರಡು ವರ್ಷ ಕಳೆಯಿತು. ದಿನವೂ ಅದರ ಮುಂದೆ ಓಡಾಡುತ್ತಿದ್ದ ನಮ್ಮ ಕಣ್ಣಿಗೆ ಯಾವ ವ್ಯತ್ಯಾಸವೂ ಬೀಳಲಿಲ್ಲ. ಅಷ್ಟರಲ್ಲಿ ಪ್ರೌಢಶಾಲೆಗೆ ಸೇರಿದ್ದ ಆ ಹುಡುಗಿ ಒಂದು ದಿನ ತಾಯಿಗೆ ತೋರಿಸಲೆಂದು ಬಂದು, ಚಿತ್ರದ ಮುಂದೆ ನಿಂತು, “ಮಾಷ್ಟ್ರೇ, ಇದನ್ನು ಯಾರು ಒರೆಸಿದರು?” ಎಂದು ಕೇಳಿದಳು. ಆಗ ನೋಡಿದೆವು. ಸೀರೆಯು ಒಗೆದೊಗೆದು ಬಣ್ಣಗೆಟ್ಟ ಬಟ್ಟೆಯಂತೆ ಬಿಳಿಚಿತ್ತು. ನೇರಳೆಯ ಅಂಚು ಬೂದಿಯಾಗಿತ್ತು. ಆಭರಣಗಳು ಮಾತ್ರ ಮೊದಲ ದಿನದಂತೆಯೇ ಇದ್ದುವು. ಒರೆಸಿದವರು ಯಾರೂ ಅಲ್ಲ, ಬೆಳಕು. ಪೆಟ್ಟಿಗೆಯನ್ನು ಕೊಳ್ಳುವಾಗ ‘ಒಳ್ಳೆಯದು’ ಎಂದವರೂ, ಚಿತ್ರವನ್ನು ಬೆಳಕಿಗೆ ಒಡ್ಡಿದವರೂ ನಾವೇ ಆದಕಾರಣ ಉತ್ತರ ಕೊಡಲು ನಾಲಗೆ ಏಳಲಿಲ್ಲ.

ಪೆನ್ಸಿಲನ್ನು ನಮ್ಮ ಹಿರಿಯರು ಸೀಸದಕಡ್ಡಿಯೆಂದು ಕರೆದರು. ಅದರಲ್ಲಿ ಸೀಸ ಇಲ್ಲವೆಂಬುದನ್ನು ಮೇಲಿನ ತರಗತಿಯವರು ಬಲ್ಲರು. ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ ೧೬ನೆಯ ಶತಮಾನದಲ್ಲಿ ಸಿಕ್ಕಿದ ಗ್ರಾಫೈಟನ್ನು ಜನರು ಒಂದು ಬಗೆಯ ಸೀಸವೆಂದೇ ತಿಳಿದರು. ತಪ್ಪು ತಿದ್ದಿದ ಮೇಲೂ ಹೆಸರು ಉಳಿಯಿತು. ಗ್ರಾಫೈಟಿನ ಪುಡಿಗೆ ಜೇಡಿಮಣ್ಣನ್ನು ಕಲಸಿ ಕುಲುಮೆಯಲ್ಲಿ ಸುಟ್ಟು ಕಡ್ಡಿ ಮಾಡುವ ಕ್ರಮಕ್ಕೆ ಫ್ರಾನ್ಸಿನ ಕೋಂಟೆ ಎಂಬವನು ೧೭೯೫ರಲ್ಲಿ ಹಕ್ಕುಪತ್ರ ಪಡೆದನು. ಬಣ್ಣದ ಕಡ್ಡಿಯನ್ನು ಹೀಗೆ ಸುಡುವಂತಿಲ್ಲ, ಸುಟ್ಟರೆ ಬಣ್ಣ ಹಾಳಾಗುತ್ತದೆ. ವರ್ಣದ್ರವ್ಯದ ನುಣ್ಣನೆಯ ಪುಡಿ, ಬಿಳಿಜೇಡಿಯಂತಹ ಮಣ್ಣು, ಸ್ವಲ್ಪ ಅಂಟು, ಜೊತೆಗೆ ಮೇಣ ಇಲ್ಲವೆ ಎಣ್ಣೆ, ಇವನ್ನು ನಾದಿ, ಶಾವಿಗೆಯಂತೆ ಒತ್ತಿ, ಒಣಗಿಸಿ, ಮರದ ಎರಡು ಹೋಳುಗಳ ನಡುವೆ ಅಂಟಿಸುತ್ತಾರೆ. ಅಗ್ಗದ ಪೆನ್ಸಿಲಿಗೂ ಕಲಾವಿದರ ಪೆನ್ಸಿಲಿಗೂ ಇರುವ ಭೇದವೆಲ್ಲ ಈ ನಾದುವಿಕೆಯಲ್ಲಿದೆ. ಒಂದರಲ್ಲಿ ಮಣ್ಣು, ಮೇಣಗಳದೇ ಮೇಲುಗೈ, ಬಣ್ಣ ಹೆಸರಿಗೆ ಮಾತ್ರ. ಇನ್ನೊಂದರಲ್ಲಿ ಬಣ್ಣ ಹೇರಳ, ಅದೂ ಆರಿಸಿದ ಬಣ್ಣ. ಮಕ್ಕಳು ಹಾಳೆ ಹರಿಯುವಂತೆ ಒತ್ತಿ ಬರೆಯುವುದನ್ನು ಕಂಡು ನಾವು ಗದರುತ್ತೇವೆ. ಅದು ಅವಸರವೊಂದರ ದೋಷವಲ್ಲ. ಬಣ್ಣವೇ ಇಲ್ಲದ ಕಡ್ಡಿಯಿಂದ ಬಣ್ಣವನ್ನು ಬರಿಸಲು ಹೆಣಗಿ ಹೆಣಗಿ ಅವರ ಕೈ ಹಾಗೆ ಪಳಗಿರುತ್ತದೆ.

ಇನ್ನು ಬಾಡುವ ವಿಚಾರ. ಕೆಲವು ವರ್ಣದ್ರವ್ಯಗಳ ಅಣುಗಳನ್ನು ಬೆಳಕು, ಅದರಲ್ಲಿಯೂ ಅತಿನೇರಳೆ ಕಿರಣಗಳು, ಒಡೆದುಹಾಕುತ್ತವೆ. ಒಡೆದ ಅಣುವಿಗೆ ಬಣ್ಣವಿಲ್ಲ. ಹೀಗೆ ಕೆಡುವವುಗಳಲ್ಲಿ ಗುಲಾಬಿ, ನೇರಳೆಗಳು ಮುಂದು. ಇದು ಮಕ್ಕಳ ಪೆಟ್ಟಿಗೆಗಷ್ಟೇ ಬಂದ ಪೀಡೆಯಲ್ಲ. ಡಚ್ ಕಲಾವಿದ ವಾನ್ ಗೋ ೧೮೮೮ರಲ್ಲಿ ತನ್ನ ಮಲಗುವ ಕೋಣೆಯ ಚಿತ್ರವನ್ನು ಬರೆದಾಗ ಅದರ ಗೋಡೆಗಳು ನೇರಳೆಯಾಗಿದ್ದುವು. ನೇರಳೆಯೊಳಗಿನ ಕೆಂಪು ಬಾಡಿಹೋಗಿ, ಇಂದು ನೋಡುವವರಿಗೆ ಅವು ನೀಲಿಯಾಗಿ ಕಾಣುತ್ತವೆ. ಮಣ್ಣಿನ ಬಣ್ಣಗಳ ಗುಣವಾದರೋ ಬೇರೆ. ಹಳದಿಮಣ್ಣು, ಕಾವಿ, ಕಂದು ಇವೆಲ್ಲ ಕಬ್ಬಿಣದ ಆಕ್ಸೈಡುಗಳು. ನಮ್ಮ ಮನೆಗಳ ಗೋಡೆಗೆ ಕಡಿದು ತರುವ ಮುರಕಲ್ಲಿನ ಕೆಂಪೂ ಅದೇ ವಸ್ತುವಿನದು. ಬೇಕಲದ ಕೋಟೆಯ ಮುರಕಲ್ಲುಗಳು ಶತಮಾನಗಳ ಬಿಸಿಲು ಕುಡಿದೂ ಬಿಳಿಚಿಲ್ಲವಷ್ಟೆ. ಆ ಹುಡುಗಿಯ ಚಿತ್ರದಲ್ಲಿ ಆಭರಣಗಳು ಉಳಿದು ಸೀರೆ ಹೋದುದರ ಗುಟ್ಟು ಇದು.

ಹಾಗಾದರೆ ಬಾಡುವುದು ಯಾವುದು, ಬಾಡದ್ದು ಯಾವುದು ಎಂದು ಅಂಗಡಿಯಲ್ಲಿ ತಿಳಿಯುವುದು ಹೇಗೆ? ಕಲಾವಿದರ ಪೆನ್ಸಿಲುಗಳ ಮೈಮೇಲೆ ಬಣ್ಣದ ಹೆಸರು, ಅಂಕೆ, ಎಷ್ಟೋ ವೇಳೆ ತಾಳಿಕೆಯ ಗುರುತು ಇರುತ್ತವೆ. ಗುರುತು ಮೈಮೇಲೆ ಇಲ್ಲದಿದ್ದರೆ ತಯಾರಕರ ಬಣ್ಣಪಟ್ಟಿಯಲ್ಲಿ ಇರುತ್ತದೆ. ಜರ್ಮನಿಯ ಫಾಬರ್ ಕ್ಯಾಸ್ಟೆಲ್‌ನವರು ೧೯೦೮ರಲ್ಲಿ ಹೊರತಂದ ಪಾಲಿಕ್ರೋಮೋಸ್ ಪೆನ್ಸಿಲುಗಳಲ್ಲಿ ಮೂರು ನಕ್ಷತ್ರಗಳಿದ್ದರೆ ಅದೇ ಅತ್ಯುತ್ತಮ. ಬೇರೆಯವರ ನಕ್ಷತ್ರಗಳ ಲೆಕ್ಕ ಬೇರೆ. ಒಬ್ಬರ ನಕ್ಷತ್ರವನ್ನು ಇನ್ನೊಬ್ಬರದರೊಡನೆ ತೂಗಬಾರದು. ಎಲ್ಲರಿಗೂ ಸಮನಾದ ಅಳತೆಗಳೂ ಉಂಟು. ನೀಲಿ ಬಣ್ಣ ಹಾಕಿದ ಉಣ್ಣೆಯ ಎಂಟು ತುಂಡುಗಳೊಡನೆ ಹೋಲಿಸಿ ನೋಡುವುದು ಒಂದು. ಅದರಲ್ಲಿ ೧ ಎಲ್ಲಕ್ಕಿಂತ ಬೇಗ ಬಾಡುವುದು, ೮ ಎಲ್ಲಕ್ಕಿಂತ ಬಾಳುವುದು. ಅಮೆರಿಕದ ಎ.ಎಸ್.ಟಿ.ಎಂ. ಎಂಬ ಮಾನಕ ಸಂಸ್ಥೆ ಬಣ್ಣದ ಪೆನ್ಸಿಲುಗಳಿಗೆಂದೇ ಗೊತ್ತುಮಾಡಿದ ಡಿ ೬೯೦೧ ಎಂಬ ನಿಯಮ ಇನ್ನೊಂದು. ಇದರಲ್ಲಿ ಮಾತ್ರ ಲೆಕ್ಕ ತಲೆಕೆಳಗು, ಒಂದನೆಯ ದರ್ಜೆಯೇ ಶ್ರೇಷ್ಠ, ಐದನೆಯದು ಕನಿಷ್ಠ. ಸ್ವಿಟ್ಜರ್‌ಲೆಂಡಿನ ಕರಾನ್ ದಾಶ್‌ನವರು ತಮ್ಮ ಲೂಮಿನನ್ಸ್ ಪೆನ್ಸಿಲಿನ ಹೆಸರಿಗೇ ೬೯೦೧ನ್ನು ಜೋಡಿಸಿರುವುದು ಈ ನಿಯಮದ ಕಾರಣದಿಂದ. (ಕರಾನ್ ದಾಶ್ ಎಂಬುದು ಒಬ್ಬ ಫ್ರೆಂಚ್ ವ್ಯಂಗ್ಯಚಿತ್ರಕಾರನು ಇಟ್ಟುಕೊಂಡಿದ್ದ ಹೆಸರು, ರಷ್ಯನ್ ಭಾಷೆಯಲ್ಲಿ ಪೆನ್ಸಿಲಿಗೆ ಕರಂದಾಶ್ ಎನ್ನುತ್ತಾರೆ.)

ಮೇಣದ ಕಡ್ಡಿಯೋ ಎಣ್ಣೆಯ ಕಡ್ಡಿಯೋ ಎಂಬ ಪ್ರಶ್ನೆಯನ್ನು ದೊಡ್ಡದು ಮಾಡಬೇಕಾಗಿಲ್ಲ. ೧೯೩೮ರಿಂದ ಬಂದ ಅಮೆರಿಕದ ಪ್ರಿಸ್ಮಕಲರಿನಂತಹ ಮೇಣದ ಕಡ್ಡಿ ಮೆತ್ತಗಿದ್ದು ಬಣ್ಣವನ್ನು ಬೆಣ್ಣೆಯಂತೆ ಹರಡುತ್ತದೆ. ಆದರೆ ಬೇಗ ಮುರಿಯುತ್ತದೆ, ದಪ್ಪನಾಗಿ ಬಳಿದಲ್ಲಿ ಕೆಲವು ದಿನಗಳ ಮೇಲೆ ಬೂಷ್ಟಿನಂತಹ ಬಿಳಿಯ ಪೊರೆ ಕಟ್ಟುತ್ತದೆ. ಅದು ಬೂಷ್ಟಲ್ಲ, ಮೇಲೆದ್ದು ಬಂದ ಮೇಣ. ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಪಾಲಿಕ್ರೋಮೋಸಿನಂತಹ ಎಣ್ಣೆಯ ಕಡ್ಡಿ ಸ್ವಲ್ಪ ಗಟ್ಟಿ, ಮೊನೆ ಬಹಳ ಹೊತ್ತು ನಿಲ್ಲುತ್ತದೆ, ಪೊರೆ ಕಟ್ಟುವುದಿಲ್ಲ. ಸಣ್ಣ ವಿವರಗಳನ್ನು ಬರೆಯುವ ಮಗುವಿಗೆ ಎರಡನೆಯದೇ ಮೇಲೆಂದು ನಮ್ಮ ಎಣಿಕೆ.

ತಂದೆತಾಯಿಗಳಿಗೆ ನಮ್ಮ ಮುಖ್ಯವಾದ ಅರಿಕೆಯೆಂದರೆ, ಪೆಟ್ಟಿಗೆಯನ್ನು ಕೊಳ್ಳಬೇಡಿರಿ, ಪೆನ್ಸಿಲನ್ನು ಕೊಳ್ಳಿರಿ. ಈ ದರ್ಜೆಯ ಪೆನ್ಸಿಲುಗಳು ಬಿಡಿಯಾಗಿಯೂ ದೊರೆಯುತ್ತವೆ. ಬೆಲೆ ಹೆಚ್ಚೆಂಬುದು ದಿಟ. ಆದರೆ ೪೮ ಬಣ್ಣಗಳಲ್ಲಿ ಮಗು ಸವೆಸುವುದು ಹತ್ತೋ ಹನ್ನೆರಡೋ ಎಂಬುದನ್ನು ಹಳೆಯ ಪೆಟ್ಟಿಗೆಯೊಂದನ್ನು ತೆರೆದು ನೋಡಿದವರೆಲ್ಲ ಬಲ್ಲರು. ಕೆಳಗಿನ ತರಗತಿಯವರಿಗೆ ಶಾಲೆಯ ಸಾಧಾರಣ ಪೆನ್ಸಿಲೇ ಸಾಕು. ಅವರು ಮುರಿಯಲಿ, ಕಳೆಯಲಿ, ಹಂಚಿಕೊಳ್ಳಲಿ. ಒಂದು ಚಿತ್ರಕ್ಕೆ ವಾರಗಟ್ಟಲೆ ಕೂರುವ ಮಗುವಿಗೆ ನಿಂಬೆಹಳದಿ, ಗಾಢಹಳದಿ, ಕಡುಕೆಂಪು, ನೀಲಿಛಾಯೆಯ ಕೆಂಪು, ಅಲ್ಟ್ರಾಮರೀನ್ ನೀಲಿ, ಥ್ಯಾಲೊ ನೀಲಿ, ಒಂದು ಹಸುರು, ಹಳದಿಮಣ್ಣು, ಕಾವಿ, ಕಡುಕಂದು, ಬಿಳಿ ಇಷ್ಟನ್ನು ಆರಿಸಿಕೊಡಿರಿ. ಹನ್ನೆರಡನೆಯದನ್ನು ಮಗುವೇ ಆರಿಸಲಿ; ಅದು ಕಪ್ಪನ್ನೇ ಬೇಡಿದರೂ ತಡೆಯಬೇಡಿರಿ. ಕೊಳ್ಳುವಾಗ ಪೆನ್ಸಿಲಿನ ತುದಿಯನ್ನು ನೋಡಬೇಕು. ಬಣ್ಣದ ಕಡ್ಡಿ ಮರದ ನಟ್ಟನಡುವೆ ಇರಬೇಕು. ಒಂದು ಬದಿಗೆ ಸರಿದಿದ್ದರೆ ಕೆತ್ತಿದಾಗಲೆಲ್ಲ ಒಂದು ಕಡೆ ಮರವೇ ಉಳಿದು ಕಡ್ಡಿ ಮುರಿಯುತ್ತದೆ.

ಹಾಳೆಯ ಮಾತೂ ಇಲ್ಲಿಯೇ ಬರಲಿ. ಒಳ್ಳೆಯ ಪೆನ್ಸಿಲನ್ನು ಕೊಟ್ಟು ನೋಟುಪುಸ್ತಕದ ಹಾಳೆಯಲ್ಲಿ ಬರೆಯಿಸುವುದು ನುಣುಪಾದ ಬಂಡೆಯ ಮೇಲೆ ಬಿತ್ತನೆ ಮಾಡಿದಂತೆ. ಹಾಳೆಗೆ ಸಣ್ಣ ತರಿ ಇರಬೇಕು. ಆ ತರಿಯೇ ಕಡ್ಡಿಯಿಂದ ಬಣ್ಣವನ್ನು ಕೆರೆದು ಹಿಡಿದಿಟ್ಟುಕೊಳ್ಳುವುದು. ಚದರ ಮೀಟರಿಗೆ ೨೦೦ ಗ್ರಾಮಿನಷ್ಟಾದರೂ ತೂಗುವ, ಆಮ್ಲರಹಿತವೆಂದು ಬರೆದಿರುವ ಹಾಳೆ ಉತ್ತಮ. ಆಮ್ಲವಿರುವ ಹಾಳೆ ವರ್ಷಗಳು ಕಳೆದಂತೆ ತಾನೇ ಹಳದಿಗೆ ತಿರುಗುತ್ತದೆ. ನಮ್ಮ ಕರಾವಳಿಯ ಆಟಿಯ ಮಳೆಯಲ್ಲಿ ಹಾಳೆ ತೇವ ಹೀರಿ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುವುದರಿಂದ, ಆ ದಿನಗಳಲ್ಲಿ ಬರೆದಷ್ಟನ್ನು ಒಣಗಿದ ಕಾಗದಗಳ ನಡುವೆ ಚಪ್ಪಟೆಯಾಗಿ ಇಡುವುದು ಲೇಸು.

ಬಳಕೆಯನ್ನು ಬರಿಯ ಮಾತಿನಲ್ಲಿ ವಿವರಿಸುವುದಕ್ಕಿಂತ ಒಂದು ಹಣ್ಣಡಿಕೆಯನ್ನು ಮುಂದಿಟ್ಟುಕೊಂಡು ಬರೆಯುವುದು ಸುಲಭ. ಪೂರ್ತಿ ಮಾಗದೆ, ತೊಟ್ಟಿನ ಬಳಿ ಇನ್ನೂ ತುಸು ಹಸುರು ಉಳಿದಿರುವುದನ್ನು ಆರಿಸಿರಿ. ಹೊರರೇಖೆಯನ್ನು ಕಪ್ಪು ಪೆನ್ಸಿಲಿನಿಂದ ಎಳೆಯಬೇಡಿರಿ. ಗ್ರಾಫೈಟು ಬಣ್ಣದೊಡನೆ ಕಲೆತು ಕೊಳೆಯಾಗುತ್ತದೆ, ಮೇಲೆ ಮೇಣ ಬಿದ್ದರೆ ರಬ್ಬರಿಗೂ ಬಾರದು. ಹಳದಿಮಣ್ಣಿನ ಪೆನ್ಸಿಲಿನಿಂದ ಕಂಡೂ ಕಾಣದಂತೆ ಎಳೆದರೆ ಸಾಕು. ಅಡಿಕೆಯ ಮೇಲೆ ಬೆಳಕು ಹೊಳೆಯುವ ಚುಕ್ಕೆಯನ್ನು ಗುರುತಿಸಿ ಅಲ್ಲಿ ಹಾಳೆಯನ್ನು ಮುಟ್ಟದೆ ಬಿಡಬೇಕು. ಹಾಳೆಯ ಬಿಳುಪಿಗಿಂತ ಬಿಳಿದಾದುದು ಪೆಟ್ಟಿಗೆಯಲ್ಲಿಲ್ಲ. ಒಮ್ಮೆ ಕಳೆದರೆ ಬಿಳಿ ಪೆನ್ಸಿಲು ಅದನ್ನು ಮರಳಿ ತರಲಾರದು.

ಈಗ ಪೆನ್ಸಿಲನ್ನು ಬರೆಯುವಾಗ ಹಿಡಿಯುವುದಕ್ಕಿಂತ ಹಿಂದಕ್ಕೆ ಹಿಡಿದು, ಅದರ ಸ್ವಂತ ಭಾರವಷ್ಟೇ ಹಾಳೆಯ ಮೇಲೆ ಬೀಳುವಂತೆ, ಸಣ್ಣ ಸಣ್ಣ ಸುತ್ತುಗಳಲ್ಲಿ ನಿಂಬೆಹಳದಿಯನ್ನು ಹರಡಿರಿ. ಹಾಳೆಯ ತರಿಯ ಬಿಳುಪು ಎಡೆಯೆಡೆಯಲ್ಲಿ ಇಣುಕುತ್ತಿರಬೇಕು. ಮುಂದಿನ ಬಣ್ಣಕ್ಕೆ ಅದೇ ಎಡೆ. ಅದರ ಮೇಲೆ ಗಾಢಹಳದಿ, ಮಾಗಿದ ಬದಿಗೆ ಕಡುಕೆಂಪಿನ ತೆಳುವಾದ ಲೇಪ. ಕಿತ್ತಳೆಯ ಪೆನ್ಸಿಲಿಲ್ಲದೆಯೇ ಕಿತ್ತಳೆ ಬಂತು. ತೊಟ್ಟಿನ ಬಳಿ ಹಳದಿಯ ಮೇಲೆ ಥ್ಯಾಲೊ ನೀಲಿಯನ್ನು ತಾಗಿಸಿದರೆ ಹಸುರು. ನೆರಳಿಗೆ ಕಪ್ಪನ್ನು ಹುಡುಕುವುದು ಎಲ್ಲರ ಅಭ್ಯಾಸ. ಕಪ್ಪು ಬಿದ್ದೊಡನೆ ಹಣ್ಣು ಕೊಳೆತಂತೆ ಕಾಣುತ್ತದೆ. ಕಿತ್ತಳೆಗೆ ಎದುರು ಬಣ್ಣ ನೀಲಿ. ಅಲ್ಟ್ರಾಮರೀನನ್ನು ಅತಿ ಹಗುರವಾಗಿ ನೆರಳಿನ ಬದಿಯಲ್ಲಿ ಎಳೆದು, ಅದರ ಮೇಲೆ ಕಾವಿಯನ್ನು ತಂದರೆ ಹಣ್ಣು ಗುಂಡಗಾಗಿ ಹಾಳೆಯಿಂದ ಎದ್ದು ನಿಲ್ಲುತ್ತದೆ. ಹೀಗೆ ಐದಾರು ಲೇಪಗಳಾದ ಬಳಿಕವೇ ಒತ್ತುವ ಕೆಲಸ. ನಿಂಬೆಹಳದಿಯಿಂದ ಬಲವಾಗಿ ಉಜ್ಜಿದರೆ ಲೇಪಗಳು ಒಂದಾಗಿ ಸಿಪ್ಪೆಯ ಹೊಳಪು ಬರುತ್ತದೆ. ಉಜ್ಜಿದ ಮೇಲೆ ತರಿ ಮುಚ್ಚಿಹೋಗುವುದರಿಂದ ಬೇರೆ ಬಣ್ಣ ಹಿಡಿಯದು. ಆದಕಾರಣ ಇದು ಕಡೆಗೆ.

ಪೆನ್ಸಿಲನ್ನು ನೆಲಕ್ಕೆ ಬೀಳಿಸಬಾರದು. ಹೊರಗೆ ಏನೂ ಆಗದಂತಿದ್ದರೂ ಒಳಗಿನ ಕಡ್ಡಿ ತುಂಡು ತುಂಡಾಗಿ, ಮುಂದೆ ಕೆತ್ತಿದಷ್ಟೂ ಉದುರುತ್ತದೆ. ಮೊಂಡು ಮೆಂಡರನ್ನು ಎಸೆದು ಹೊಸದನ್ನು ತರುವುದು, ಅದು ಹಾಳುಮಾಡುವ ಪೆನ್ಸಿಲಿಗಿಂತ ಅಗ್ಗ.

ಮನೆಯಲ್ಲಿ ಈಗಾಗಲೇ ಇರುವ ಪೆಟ್ಟಿಗೆಯನ್ನು ಏನು ಮಾಡುವುದೆಂದು ಕೇಳುವವರಿಗೆ ಹೇಳುತ್ತೇವೆ: ಎಸೆಯಬೇಡಿರಿ, ಪರೀಕ್ಷಿಸಿರಿ. ಮಳೆ ಹಿಂದೆಗೆದ ಮೇಲೆ, ಡಿಸೆಂಬರಿನಲ್ಲಿ, ಒಂದು ಹಾಳೆಯಲ್ಲಿ ಪ್ರತಿಯೊಂದು ಪೆನ್ಸಿಲಿನಿಂದಲೂ ಒಂದೊಂದು ಪಟ್ಟೆ ಬಳಿದು, ಪಕ್ಕದಲ್ಲಿ ಹೆಸರನ್ನೂ ತಾರೀಕನ್ನೂ ಬರೆದು, ಪಟ್ಟೆಗಳ ಅರ್ಧಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ, ದಕ್ಷಿಣದ ಕಿಟಕಿಯ ಗಾಜಿಗೆ ಅಂಟಿಸಿರಿ. ಮಾರ್ಚಿಯಲ್ಲಿ ರಟ್ಟನ್ನು ತೆಗೆದಾಗ ಎರಡು ಭಾಗಗಳನ್ನು ಹೋಲಿಸಿದರೆ ಉಳಿಯುವ ಬಣ್ಣ ಯಾವುದು, ಓಡುವ ಬಣ್ಣ ಯಾವುದು ಎಂದು ಯಾರೂ ಹೇಳಬೇಕಾಗಿಲ್ಲ.

ಆ ಹುಡುಗಿಯ ೪೮ ಪೆನ್ಸಿಲುಗಳನ್ನು ನಾವು ಹೀಗೆ ಪರೀಕ್ಷಿಸಿದೆವು. ಪಟ್ಟೆಗಳನ್ನು ಎಳೆದವಳು ಅವಳೇ. ಗುಲಾಬಿಗಳೆಲ್ಲವೂ, ಒಂದುಳಿದು ಮಿಕ್ಕ ನೇರಳೆಗಳೂ ಬಾಡಿದುವು. ಅವನ್ನು ಬೇರೆ ಡಬ್ಬಿಯಲ್ಲಿ ಹಾಕಿ ಅವಳು ತಮ್ಮನಿಗೆ ಕೊಟ್ಟಳು. ನೀಲಿಛಾಯೆಯ ಕೆಂಪು ಒಂದನ್ನು ಮಾತ್ರ ಒಳ್ಳೆಯ ದರ್ಜೆಯದನ್ನು ಬಿಡಿಯಾಗಿ ತರಿಸಿ, ಅದೇ ವೇಷವನ್ನು ಮತ್ತೊಮ್ಮೆ ಬರೆದಳು. ಈ ಸಲ ಸೀರೆಯ ಗುಲಾಬಿಗೆ ಆ ಕೆಂಪಿನ ತೆಳುವಾದ ಲೇಪವನ್ನೂ, ಅಂಚಿನ ನೇರಳೆಗೆ ಅದರ ಮೇಲೆ ಅಲ್ಟ್ರಾಮರೀನನ್ನೂ ಬಳಸಿದ್ದಾಳೆ. ಚಿತ್ರವನ್ನು ನಾವು ಕಿಟಕಿಯಿರುವ ಗೋಡೆಯಲ್ಲಿಯೇ, ನೇರ ಬೆಳಕು ತಾಗದ ಮೂಲೆಯಲ್ಲಿ ತೂಗಿದ್ದೇವೆ. ಹಳೆಯದನ್ನೂ ಅದರ ಪಕ್ಕದಲ್ಲಿಯೇ ಇರಿಸಿದ್ದೇವೆ.