ಕರಾವಳಿಯ ಮನೆಯಲ್ಲಿ ವಾಲ್ವ್ ಆಂಪ್ಲಿಫಯರ್: ಶಾಖ, ಆಯುಷ್ಯ, ಖರ್ಚು

ವಾಲ್ವ್ ಆಂಪ್ಲಿಫಯರನ್ನು ಮನೆಗೆ ತಂದವರು ಮೊದಲು ಅಂಜುವುದು ಅದರ ಬಿಸಿಗೆ. ಆದರೆ ಭಟ್ಕಳದಿಂದ ಹೊನ್ನಾವರವನ್ನು ಹಾದು ಕುಮಟಾದವರೆಗಿನ ಈ ನೆಲದಲ್ಲಿ, ಸಮುದ್ರದ ಉಪ್ಪುಗಾಳಿಯೂ ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯ ತೇವವೂ ಕೂಡಿ ಕಬ್ಬಿಣವನ್ನೂ ತಾಮ್ರವನ್ನೂ ಸಮನಾಗಿ ಕಾಡುತ್ತಿರುವಲ್ಲಿ, ದಿನವೂ ನುಡಿಯುವ ಯಂತ್ರಕ್ಕಿಂತ ಬಟ್ಟೆ ಹೊದಿಸಿ ಅಟ್ಟಕ್ಕೇರಿಸಿದ ಯಂತ್ರವೇ ಬೇಗ ಕೆಡುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಬಿಸಿಯ ಮೂಲವನ್ನು ಅರಿಯತಕ್ಕದ್ದು. ವಾಲ್ವಿನೊಳಗಣ ಕ್ಯಾಥೋಡು ಏಳೆಂಟು ನೂರು ಡಿಗ್ರಿ ಸೆಲ್ಸಿಯಸ್ ಕಾಯ್ದ ಹೊರತು ಇಲೆಕ್ಟ್ರಾನುಗಳನ್ನು ಸೂಸದು. ಇಎಲ್34 ಎಂಬ ಪ್ರಸಿದ್ಧ ವಾಲ್ವಿನ ಹೀಟರೊಂದಕ್ಕೇ 6.3 ವೋಲ್ಟಿನಲ್ಲಿ 1.5 ಆಂಪಿಯರ್, ಎಂದರೆ ಸುಮಾರು ಒಂಬತ್ತೂವರೆ ವಾಟ್, ವ್ಯಯವಾಗುವುದಲ್ಲದೆ, ಅದರ ಆನೋಡು 25 ವಾಟಿನವರೆಗೆ ಶಾಖವನ್ನು ತಾಳುವಂತೆ ರಚಿತವಾಗಿದೆ. ಆದುದರಿಂದ ಗಾಜು ಮುಟ್ಟಲಾಗದಷ್ಟು ಕಾಯುವುದು ರೋಗವಲ್ಲ. ಒಳಗಿನ ಬೂದುಬಣ್ಣದ ಆನೋಡು ಕೆಂಪೇರಿದರೆ ಮಾತ್ರ ತತ್‌ಕ್ಷಣವೇ ಸ್ವಿಚ್ಚು ಆರಿಸಬೇಕು. ಈ ಶಾಖದಿಂದ ನಿಜವಾಗಿ ಬಳಲುವವು ಪಕ್ಕದ ಇಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು. ಅವುಗಳ ಸುತ್ತಣ ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಅವುಗಳ ಆಯುಷ್ಯ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಆದಕಾರಣ ಯಂತ್ರವನ್ನು ಕಪಾಟಿನೊಳಗೆ ತುರುಕಕೂಡದು. ಪಕ್ಕದಲ್ಲಿ ಗೇಣುದ್ದ, ಮೇಲೆ ಒಂದೂವರೆ ಗೇಣು ತೆರವು ಬಿಡುವುದು ಲೇಸು.

ಮಳೆಗಾಲದ ಕ್ರಮವೇ ಬೇರೆ. ಬೇಸಗೆಯಲ್ಲಿ ಬೇಡವೆನಿಸಿದ ಆ ಶಾಖವೇ ಆಗ ಔಷಧ. ವಾರಕ್ಕೆರಡು ಬಾರಿಯಾದರೂ ಒಂದೊಂದು ಗಂಟೆ ಯಂತ್ರವನ್ನು ನಡೆಯಿಸಿದರೆ, ಟ್ರಾನ್ಸ್‌ಫಾರ್ಮರಿನ ಸುರುಳಿಗಳಲ್ಲಿಯೂ ಸಾಕೆಟ್ಟುಗಳಲ್ಲಿಯೂ ಸೇರಿದ ತೇವ ಆರುತ್ತದೆ. ಅದು ಪೂರ್ಣವಾಗಿ ತಣಿದ ಮೇಲಷ್ಟೆ ಹೊದಿಕೆ ಹಾಕತಕ್ಕದ್ದು. ಮಳೆಗೆ ಮುನ್ನಿನ ಮೇ ತಿಂಗಳಲ್ಲಿಯೂ ಅಕ್ಟೋಬರಿನಲ್ಲಿಯೂ ಸಿಡಿಲಿನ ಸೂಚನೆ ಕಂಡೊಡನೆ ಪ್ಲಗ್ಗನ್ನೇ ಕಿತ್ತಿಡಬೇಕು. ವರುಷಗಟ್ಟಲೆ ಮೂಲೆಯಲ್ಲಿದ್ದುದನ್ನಂತೂ ನೇರವಾಗಿ ವಿದ್ಯುತ್ತಿಗೆ ಜೋಡಿಸಲೇಕೂಡದು. ಬಲ್ಲ ಮೆಕ್ಯಾನಿಕ್ಕನು ವಾಲ್ವುಗಳನ್ನು ತೆಗೆದಿಟ್ಟು, 60 ವಾಟಿನ ಹಳೆಯ ತಂತಿಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿ ಪರೀಕ್ಷಿಸುತ್ತಾನೆ: ಬಲ್ಬು ಮಿಂಚಿ ಮಂಕಾದರೆ ಟ್ರಾನ್ಸ್‌ಫಾರ್ಮರು ಕ್ಷೇಮ, ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಇದೆ. ಈ ಕೆಲಸಕ್ಕೆ ಹವ್ಯಾಸಿಗಳು ಕೈಹಾಕದಿರುವುದೇ ಉಚಿತ, ಏಕೆಂದರೆ ನಾಲ್ಕುನೂರು ವೋಲ್ಟಿನ ಚಾರ್ಜು ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು.

ಕರಕರ ಸದ್ದು ಕೇಳಿದೊಡನೆ ವಾಲ್ವನ್ನು ಎಸೆಯುವ ಅಭ್ಯಾಸವೊಂದುಂಟು. ಉಪ್ಪುಗಾಳಿಯ ಊರಿನಲ್ಲಿ ಇದು ಬಹುಮಟ್ಟಿಗೆ ದುಂದು. ಯಂತ್ರ ಆರಿ ತಣ್ಣಗಾದ ಬಳಿಕ ವಾಲ್ವನ್ನು ಮೆಲ್ಲನೆ ನೇರವಾಗಿ ಮೇಲಕ್ಕೆತ್ತಿ, ಪಿನ್ನುಗಳಿಗೆ ಹಿಡಿದ ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ಒರೆಸಿ, ಒಣಗಿಸಿ, ಮರಳಿ ಕೂರಿಸಿದರೆ ಸದ್ದು ಅಡಗುವುದುಂಟು. ಗಾಜಿನೊಳಗಣ ಬೆಳ್ಳಿಯ ಹೊಳಪು ಹಾಲುಬಿಳುಪಾಗಿದ್ದರೆ ಮಾತ್ರ ಗಾಳಿ ಹೊಕ್ಕಿದೆಯೆಂದರ್ಥ, ಅದಕ್ಕೆ ಚಿಕಿತ್ಸೆಯಿಲ್ಲ.

ಆಯುಷ್ಯವನ್ನು ವರುಷಗಳಿಂದಲ್ಲ, ಗಂಟೆಗಳಿಂದ ಅಳೆಯಬೇಕು. ಇಸಿಸಿ83ರಂತಹ ಚಿಕ್ಕ ವಾಲ್ವುಗಳು ಹತ್ತು ಸಾವಿರ ಗಂಟೆ ಬಾಳುವುದು ಅಪರೂಪವಲ್ಲ. ಔಟ್‌ಪುಟ್ ವಾಲ್ವುಗಳಿಗೆ ಎರಡರಿಂದ ಮೂರು ಸಾವಿರ ಗಂಟೆಯೆಂದು ಎಣಿಸಿಕೊಳ್ಳುವುದು ವಿವೇಕ. ದಿನಕ್ಕೆ 3 ಗಂಟೆ ಆಲಿಸುವವರಿಗೆ ವರುಷಕ್ಕೆ 1,095 ಗಂಟೆಗಳಾಗುವುದರಿಂದ, ಎರಡು ವರುಷ ದಾಟಿದ ಮೇಲೆ ಕಿವಿ ಚುರುಕಾಗಿರಲಿ: ಯಕ್ಷಗಾನದ ಧ್ವನಿಮುದ್ರಿಕೆಯನ್ನು ಹಚ್ಚಿದಾಗ ಚೆಂಡೆಯ ಪೆಟ್ಟು ಮೊನೆಗೆಟ್ಟು, ಭಾಗವತರ ತಾರಸ್ವರ ಒಡೆದಂತೆ ಕೇಳಿಸಿದರೆ ಔಟ್‌ಪುಟ್ ವಾಲ್ವನ್ನೇ ಮೊದಲು ಶಂಕಿಸಬಹುದು. ಹೀಟರಿನ ವೋಲ್ಟೇಜು ನೂರಕ್ಕೆ ಹತ್ತರಷ್ಟು ಮೀರಕೂಡದೆಂಬ ನಿಯಮವಿದೆ. ರಾತ್ರಿ ಊರು ಮಲಗಿದ ಮೇಲೆ ಮನೆಯ 230 ವೋಲ್ಟು 253ನ್ನು ದಾಟುತ್ತಿದ್ದರೆ ಸ್ಟೆಬಿಲೈಸರಿನ ಬೆಲೆ ವ್ಯರ್ಥವಾಗದು.

ಇನ್ನು ಖರ್ಚು. 150 ವಾಟ್ ಎಳೆಯುವ ಯಂತ್ರ ದಿನಕ್ಕೆ 3 ಗಂಟೆ ನಡೆದರೆ ತಿಂಗಳಿಗೆ ಹದಿಮೂರೂವರೆ ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿಕೊಳ್ಳಿ. ನಾಲ್ಕು ಔಟ್‌ಪುಟ್ ವಾಲ್ವುಗಳಿಗೆ 10,000 ರೂಪಾಯಿ ತೆತ್ತಿರೆಂದಿಟ್ಟುಕೊಂಡರೆ, 2,500 ಗಂಟೆಗೆ ಹಂಚಿದಾಗ ಗಂಟೆಗೆ 4 ರೂಪಾಯಿ ಬೀಳುತ್ತದೆ. ಹೊಸ ಜೋಡಿಯನ್ನು ಹಾಕಿದ ದಿನಾಂಕವನ್ನು ಯಂತ್ರದ ಬೆನ್ನಿಗೆ ಚೀಟಿ ಬರೆದು ಅಂಟಿಸಿ. ಸ್ಥಿರ ಬಯಾಸಿನ ಯಂತ್ರವಾದರೆ ಆಗಲೇ ಬಯಾಸನ್ನು ಸರಿಪಡಿಸಿಕೊಳ್ಳಿ, ಇಲ್ಲವಾದರೆ ಹೊಸ ವಾಲ್ವುಗಳೇ ಕೆಂಪೇರಿಯಾವು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಅರವತ್ತರ ದಶಕದಲ್ಲಿ ಫಿಲಿಪ್ಸಿನ ಸಹಯೋಗದಿಂದ ತಯಾರಿಸಿದ ವಾಲ್ವುಗಳು ಹಳೆಯ ರೇಡಿಯೋ ಅಂಗಡಿಗಳ ಡಬ್ಬಿಗಳಲ್ಲಿ ಸಿಕ್ಕಾವು. ಅಭಿಮಾನದಿಂದ ಕೊಳ್ಳಿರಿ, ಆದರೆ ಟೆಸ್ಟರಿನಲ್ಲಿ ಎಮಿಶನ್ ಅಳೆಯಿಸದೆ ಹಣ ಎಣಿಸಬೇಡಿ.